ಗ್ರಂಥಋಣದ ಲೆಕ್ಕ



ಈ ಸಂಚಿಕೆಗೆ ಬೇರೇನೋ ಬರೆಯಬೇಕೆಂದು ಕುಳಿತಿದ್ದೆ. ಅಷ್ಟರಲ್ಲಿ ನಮ್ಮ ಸಂಘದ ಕುಟುಂಬವೊಂದರ ಹುಡುಗಿ, ಒಂಬತ್ತನೆಯ ಇಯತ್ತೆಯವಳು, ಭಾನುವಾರ ಸಂಜೆ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದಳು. ತಂದೆಯವರು ವಾಳೂಜಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದಾರೆ, ಮೂಲ ಕಲಬುರಗಿ ಕಡೆ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಛತ್ರಪತಿ ಸಂಭಾಜಿನಗರದಲ್ಲಿ. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ನಿಮ್ಮಲ್ಲಿ ಬಹುಪಾಲು ಜನರ ಕಥೆಯೂ ಇದೇ ಅಲ್ಲವೇ?

“ಕಾಕಾ, ಪ್ರಾಜೆಕ್ಟಿಗೆ ಹನ್ನೆರಡು ಪುಸ್ತಕದ ಹೆಸರು ಬರದು ಕೊಟ್ಟಿದ್ದೆ. ಟೀಚರ್ ವಾಪಸ್ ಕೊಟ್ಟಾರ. ‘ಇದು ಬರೇ ಬಿಬ್ಲಿಯಾಗ್ರಫಿ ಆತು, ಅನೋಟೇಟೆಡ್ ಎಲ್ಲಿ’ ಅಂತ ಕೇಳ್ಯಾರ. ಹಂಗಂದ್ರ ಏನು?”

ಪ್ರಾಜೆಕ್ಟಿನ ವಿಷಯ ಖುಲ್ತಾಬಾದ್. ಶಾಲೆಯಿಂದ ವೇರೂಳದ ಲೇಣಿಗಳಿಗೆ, ಅಂದರೆ ನಾವು ಎಲ್ಲೋರಾ ಎನ್ನುವಲ್ಲಿಗೆ, ಪ್ರವಾಸ ಹೋಗಿದ್ದಾಗ ಅಲ್ಲಿಂದ ನಾಲ್ಕೈದು ಕಿಲೋಮೀಟರಿನ ಈ ಗುಡ್ಡದ ಊರಲ್ಲೂ ಮಕ್ಕಳನ್ನು ಇಳಿಸಿದ್ದರಂತೆ. ನಾವು ದೊಡ್ಡವರು ಖುಲ್ತಾಬಾದಿಗೆ ಹೋಗುವುದು ಮಲಗಿದ ಭಂಗಿಯ ಭದ್ರ ಮಾರುತಿಯ ದರ್ಶನಕ್ಕೆ. ಹುಡುಗಿಯ ಕಣ್ಣಿಗೆ ಬಿದ್ದದ್ದು ಸಮಾಧಿಗಳು. ಜೈನುದ್ದೀನ್ ಶಿರಾಜಿಯವರ ದರ್ಗಾದ ಅಂಗಳದಲ್ಲಿ, ಬಯಲಿಗೆ ತೆರೆದ ಸಾದಾ ಸಮಾಧಿಯಲ್ಲಿ, 1707ರಲ್ಲಿ ತೀರಿಕೊಂಡ ಔರಂಗಜೇಬ. ಅದೇ ಊರಿನಲ್ಲಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್. ಅವನು ಆಫ್ರಿಕದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ನಿಜಾಮಶಾಹಿಯನ್ನೇ ನಡೆಸಿದವನು, ಮೊಗಲರಿಗೆ ನಿದ್ದೆಗೆಡಿಸಿದವನು. ಹೈದರಾಬಾದಿನ ಮೊದಲ ನಿಜಾಮನೂ ಅಲ್ಲೇ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡಲಾಗದ ಪಕ್ಷಗಳವರು ಸತ್ತ ಮೇಲೆ ಒಂದೇ ಊರಿಗೆ ಯಾಕೆ ಬಂದರು? ಅವಳ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆ. ನನಗೆ ಆ ವಯಸ್ಸಿನಲ್ಲಿ ಹೊಳೆಯುತ್ತಿರಲಿಲ್ಲ.

ಇನ್ನು ಟೀಚರು ಕೇಳಿದ ಸಂಗತಿ. ಪುಸ್ತಕದ ಕೊನೆಯಲ್ಲಿ ಕೊಡುವ ಆಕರಗಳ ಪಟ್ಟಿಗೆ ಇಂಗ್ಲಿಷಿನಲ್ಲಿ ಬಿಬ್ಲಿಯಾಗ್ರಫಿ ಎನ್ನುತ್ತಾರೆ, ಮರಾಠಿಯಲ್ಲಿ ಸಂದರ್ಭ ಸೂಚಿ. ಕನ್ನಡದ ಹಳೆಯ ಪುಸ್ತಕಗಳನ್ನು ತೆರೆದರೆ ಆ ಜಾಗದಲ್ಲಿ ಒಂದು ಸೊಗಸಾದ ಮಾತಿದೆ: ಗ್ರಂಥಋಣ. ಪುಸ್ತಕಗಳಿಂದ ತಂದ ಸಾಲ. ನಮ್ಮ ಹಿರಿಯರು ಇದನ್ನು ಬರೀ ಸೂಚಿ ಎನ್ನದೆ ಸಾಲ ಎಂದು ಕರೆದರಲ್ಲ, ಅದರಲ್ಲೇ ಅರ್ಧ ಪಾಠ ಮುಗಿಯಿತು.

ಅವಳಿಗೆ ಹೀಗೆ ಹೇಳಿದೆ. ನಿಮ್ಮ ಅಜ್ಜನ ಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ನೋಡಿದ್ದೀಯಲ್ಲ? ಅದರಲ್ಲಿ ಬರೀ ಹೆಸರುಗಳಿವೆ ಎಂದುಕೋ. ಪಾಟೀಲರು, ಮಾಸ್ತರರು, ಮೂಲೆಮನೆಯವರು. ಯಾರು ಏನು ಒಯ್ದರು, ಎಷ್ಟು ಒಯ್ದರು ಒಂದೂ ಇಲ್ಲ. ಆ ಪುಸ್ತಕ ಯಾರಿಗೆ ಬೇಕು? ನಿನ್ನ ಹನ್ನೆರಡು ಹೆಸರುಗಳೂ ಹಾಗೆಯೇ. ಒಂದೊಂದು ಹೆಸರಿನ ಕೆಳಗೆ ‘ಇವರಿಂದ ಇಂಥದ್ದು ತಂದೆ, ಅದು ಇಂಥ ಗುಣಮಟ್ಟದ್ದು, ನನಗೆ ಇಷ್ಟಕ್ಕೆ ಉಪಯೋಗವಾಯಿತು’ ಎಂದು ನಾಲ್ಕು ಸಾಲು ಬರೆದರೆ ಅದೇ ಅನೋಟೇಟೆಡ್. ಟಿಪ್ಪಣಿ ಸಹಿತ ಗ್ರಂಥಋಣ.

“ಅಷ್ಟೇನಾ?” ಅಂದಳು. ಅಷ್ಟೇ. ಆದರೆ ಆ ನಾಲ್ಕು ಸಾಲು ಬರೆಯಲು ಕುಳಿತಾಗ ಹನ್ನೆರಡರ ಬಣ್ಣ ಬಯಲಾಯಿತು.

ಏಳು ಪುಸ್ತಕಗಳನ್ನು ಅವಳು ತೆರೆದೇ ಇರಲಿಲ್ಲ. ಇನ್ನೊಂದು ಪುಸ್ತಕದ ಕೊನೆಯ ಪುಟದಿಂದ ಇಳಿಸಿಕೊಂಡ ಹೆಸರುಗಳು. ಇದು ದೊಡ್ಡವರೂ ಮಾಡುವ ಕೆಲಸ, ಹಾಗಾಗಿ ನಾನು ಬಯ್ಯಲಿಲ್ಲ. ಒಂದು ಪುಸ್ತಕವಂತೂ ಇನ್ನೂ ಚೆಂದ. ಮೊಬೈಲಿನಲ್ಲಿ ಪ್ರಶ್ನೆ ಕೇಳಿದರೆ ಯಂತ್ರವೇ ಉತ್ತರ ಬರೆದು, ಜೊತೆಗೆ ಓದಬೇಕಾದ ಪುಸ್ತಕಗಳ ಪಟ್ಟಿಯನ್ನೂ ಕೊಡುವ ಕಾಲವಲ್ಲವೇ ಇದು? ಆ ಪಟ್ಟಿಯಿಂದ ತಂದದ್ದು. ಲೇಖಕರು ನಿಜವಾದ ಮನುಷ್ಯರು. ಪ್ರಕಾಶಕರೂ ನಿಜ. ಆದರೆ ಅವರು ಅಂಥ ಪುಸ್ತಕ ಬರೆದೇ ಇಲ್ಲ! ಎಲ್ಲೆಲ್ಲಿ ಹುಡುಕಿದರೂ ಸಿಗಲಿಲ್ಲ. ಇಲ್ಲದ ಅಂಗಡಿಯಲ್ಲಿ ಉದ್ರಿ ಬರೆಸಿದಂತಾಯಿತು. ಹೆಸರನ್ನಷ್ಟೇ ಬರೆದು ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟಿಪ್ಪಣಿ ಬರೆಯಬೇಕಾದಾಗ ಪುಸ್ತಕವನ್ನು ಕೈಯಲ್ಲಿ ಹಿಡಿಯಲೇಬೇಕಲ್ಲ.

ಹನ್ನೆರಡು ನಾಲ್ಕಾಯಿತು. ಹುಡುಗಿಯ ಮುಖ ಸಪ್ಪಗಾಯಿತು. ನಾಲ್ಕು ಸಾಕು, ಸಾಲದಿದ್ದರೆ ಸೇರಿಸೋಣ ಎಂದು ಚಹಾ ಕುಡಿದು ಕೆಲಸಕ್ಕೆ ಕುಳಿತೆವು.

ಮೊದಲನೆಯದು ಔರಂಗಾಬಾದಿನ ಗ್ಯಾಜೆಟಿಯರ್, 1884ರದು. ನಿಜಾಮ ಸರಕಾರ ಹೊರತಂದದ್ದು. ಈ ಭಾಗ 1956ರವರೆಗೆ ಹೈದರಾಬಾದ್ ಸಂಸ್ಥಾನ, ಆಮೇಲೆ ಹೈದರಾಬಾದ್ ರಾಜ್ಯ ಎನಿಸಿಕೊಂಡಿತ್ತು ಎಂಬುದು ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತು. ಅವರ ಕಲಬುರಗಿ, ಬೀದರ, ರಾಯಚೂರೂ ಆಗ ಇದೇ ಸೂರಿನಡಿ ಇದ್ದವು. ಹುಡುಗಿ ಇದನ್ನು ಅಂತರ್ಜಾಲದಲ್ಲಿ ಹುಡುಕಿ ‘ಖುಲ್ತಾಬಾದ್ ಬಗ್ಗೆ ಬಹಳ ಕಡಿಮೆ ಇದೆ’ ಎಂದು ಬಿಟ್ಟಿದ್ದಳು. ಕಡಿಮೆ ಇರಲಿಲ್ಲ. ಹಳೆಯ ಪುಸ್ತಕಗಳಲ್ಲಿ ಈ ಊರಿಗೆ ರೌಜಾ, ರೋಜಾ ಎಂಬ ಹೆಸರೇ ಹೆಚ್ಚು. ಸಮಾಧಿ ಉದ್ಯಾನ ಎಂದರ್ಥ. ಔರಂಗಜೇಬನಿಗೆ ಮರಣಾನಂತರ ಸಂದ ಖುಲ್ದ್‌ಮಕಾನ್ ಎಂಬ ಬಿರುದಿನಿಂದ ಖುಲ್ತಾಬಾದ್ ಎಂಬ ಹೆಸರು ನೆಲೆಗೊಂಡಿತು. ಅದನ್ನೂ ಒಬ್ಬರು ಖುಲ್ದಾಬಾದ್ ಎಂದು ಬರೆದರೆ ಇನ್ನೊಬ್ಬರು ಖುಲ್ತಾಬಾದ್. ಎಲ್ಲೋರಾ ಒಂದು ಕಡೆ ಎಲೂರಾ, ಒಂದು ಕಡೆ ವೇರೂಳ, ಶಾಸನದಲ್ಲಿ ಏಲಾಪುರ. ನಮ್ಮ ನಗರಕ್ಕೆ 2023ರಲ್ಲಿ ಹೊಸ ಹೆಸರು ಬಂದಿದೆ, ಆದರೆ ಹಳೆಯ ಪುಸ್ತಕ ತನ್ನ ಹೆಸರು ಬದಲಿಸಿಕೊಳ್ಳುವುದಿಲ್ಲ. ಹುಡುಕುವವರು ಎಲ್ಲ ಹೆಸರಿನಿಂದಲೂ ಹುಡುಕಬೇಕು. ಮಹಾರಾಷ್ಟ್ರ ಸರಕಾರದ ಗ್ಯಾಜೆಟಿಯರ್ ವಿಭಾಗ ತನ್ನ ಹಲವು ಸಂಪುಟಗಳನ್ನು ಜಾಲತಾಣದಲ್ಲಿ ಇಟ್ಟಿದೆ, 1977ರ ಔರಂಗಾಬಾದ್ ಜಿಲ್ಲೆಯ ಸಂಪುಟವನ್ನೂ ನೋಡಿ. ನಾಸಿಕದ ಮಿತ್ರರಿಗೆ 1840ರಲ್ಲೇ ಶುರುವಾದ ಸಾರ್ವಜನಿಕ ವಾಚನಾಲಯ ಊರಲ್ಲೇ ಇದೆ. ಒಂದು ಸಲವಾದರೂ ಒಳಗೆ ಹೋಗಿ ಬನ್ನಿ.

ಗ್ಯಾಜೆಟಿಯರಿಗೆ ಅವಳು ಬರೆದ ಮೊದಲ ಟಿಪ್ಪಣಿ: ‘ಈ ಪುಸ್ತಕದಲ್ಲಿ ಬಹಳ ಮಾಹಿತಿ ಇದೆ.’ ಇದು ಟಿಪ್ಪಣಿಯಲ್ಲ, ಪುಸ್ತಕಕ್ಕೆ ಮಾಡಿದ ನಮಸ್ಕಾರ. ಎರಡನೆಯ ಸಲ ಬರೆದದ್ದು ಉದ್ದನೆಯ ಸಾರಾಂಶ. ಅದೂ ಅಲ್ಲ. ಮೂರನೆಯದರಲ್ಲಿ ದಾರಿಗೆ ಬಂದಳು. ಇದು ಸರಕಾರ ಬರೆಸಿದ ಪುಸ್ತಕ, 1884ರಲ್ಲಿ ಆ ಊರಿನಲ್ಲಿ ಏನೇನಿತ್ತು ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಯಂತೆ ಬಳಸಬಹುದು. ಆದರೆ ಐನೂರು ವರ್ಷ ಹಿಂದಿನ ಸಂತರ ಕಥೆ ಹೇಳುವಾಗ ಇದೂ ಕೇಳಿದ್ದನ್ನೇ ಹೇಳುತ್ತದೆ, ಅದಕ್ಕೆ ಬೇರೆ ಪುಸ್ತಕ ನೋಡಿದೆ ಎಂದು ಬರೆದಳು. ನೋಡಿ, ಒಂದು ಪುಸ್ತಕ ಏನು ಕೊಡುತ್ತದೆ ಎನ್ನುವಷ್ಟೇ ಮುಖ್ಯ, ಏನು ಕೊಡಲಾರದು ಎನ್ನುವುದು.

ಆ ‘ಬೇರೆ ಪುಸ್ತಕ’ ಕಾರ್ಲ್ ಅರ್ನ್‌ಸ್ಟ್ ಎಂಬ ಅಮೆರಿಕದ ವಿದ್ವಾಂಸರದು, 1992ರಲ್ಲಿ ಪ್ರಕಟವಾದ ‘ಇಟರ್ನಲ್ ಗಾರ್ಡನ್’. ಇಡೀ ಗ್ರಂಥವೇ ಖುಲ್ತಾಬಾದಿನ ಮೇಲೆ. ಒಂಬತ್ತನೆಯ ಇಯತ್ತೆಗೆ ಗಟ್ಟಿ ತುತ್ತು, ಅವಳು ಎರಡು ಅಧ್ಯಾಯ ಮಾತ್ರ ಓದಿದ್ದಳು. ಅದನ್ನೂ ಟಿಪ್ಪಣಿಯಲ್ಲಿ ಬರೆ ಎಂದೆ. ಮುಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ದಿಲ್ಲಿಯ ಜನರನ್ನು ದೌಲತಾಬಾದಿಗೆ ಕರೆತಂದಾಗ ಬಂದವರಲ್ಲಿ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯರಾದ ಬುರ್ಹಾನುದ್ದೀನ್ ಗರೀಬ್ ಒಬ್ಬರು. 1337ರಲ್ಲಿ ತೀರಿಕೊಂಡು ಖುಲ್ತಾಬಾದಿನಲ್ಲಿ ಮಣ್ಣಾದರು. ಅವರು ಶಿಷ್ಯರೊಂದಿಗೆ ಆಡಿದ ಮಾತುಗಳನ್ನು ಆಗಲೇ ಫಾರಸಿಯಲ್ಲಿ ಬರೆದಿಟ್ಟಿದ್ದರು. ಅರ್ನ್‌ಸ್ಟ್ ಆ ಬರಹಗಳನ್ನೂ ಬಹಳ ಕಾಲದ ನಂತರ ಹುಟ್ಟಿದ ಕಥೆಗಳನ್ನೂ ಎದುರುಬದುರು ಇಟ್ಟು ಓದುತ್ತಾರೆ. ಸಂತರು ಕತ್ತಿ ಹಿಡಿದು ಯುದ್ಧ ಮಾಡುತ್ತ ದಖ್ಖನಿಗೆ ಬಂದರು ಎಂಬ ಬಗೆಯ ಕಥೆಗಳು ಹಿಂದಿನ ಬರಹಗಳಲ್ಲಿ ಇಲ್ಲ, ತಡವಾಗಿ ಸೇರಿಕೊಂಡವು ಎಂದು ತೋರಿಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ. ಈ ಒಂದು ವಿವೇಕವೇ ಇಡೀ ಪ್ರಾಜೆಕ್ಟಿನ ಬೆಲೆಯನ್ನು ಏರಿಸಿತು.

ಹುಡುಗಿಯ ಮೂಲ ಪ್ರಶ್ನೆಗೂ ಇಲ್ಲೇ ಎಳೆ ಸಿಕ್ಕಿತು. ಸಂತರ ಸಮಾಧಿ ಮೊದಲು. ಅದರ ಮಗ್ಗುಲಲ್ಲಿ ಮಣ್ಣಾಗಬೇಕೆಂಬ ಆಸೆಯಿಂದ ಅರಸರು, ಸರದಾರರು ಆಮೇಲೆ ಬಂದರು. ಹಗೆಯನ್ನು ಬಿಟ್ಟು ಬಂದದ್ದಲ್ಲ, ಇಬ್ಬರಿಗೂ ಬೇಕಾದ ನೆಲ ಒಂದೇ ಆಗಿತ್ತು.

ಔರಂಗಜೇಬನಿಗಾಗಿ ಜದುನಾಥ ಸರ್ಕಾರರ ಐದು ಸಂಪುಟಗಳಲ್ಲಿ ಕೊನೆಯದನ್ನು ತಿರುವಿದಳು. 1912ರಿಂದ 1924ರವರೆಗೆ ಬಂದ ಸಂಪುಟಗಳು, ಫಾರಸಿ ಪತ್ರಗಳು, ದರಬಾರಿನ ವರದಿಗಳನ್ನು ಸೋಸಿ ಬರೆದವು. ಸರ್ಕಾರರ ತೀರ್ಪುಗಳನ್ನು ನಂತರದ ಇತಿಹಾಸಕಾರರು ಎಲ್ಲವನ್ನೂ ಒಪ್ಪಿಲ್ಲ, ಆದರೆ ಅವರು ಒಟ್ಟು ಹಾಕಿದ ಸಾಮಗ್ರಿಯನ್ನು ಬಿಟ್ಟು ಮುಂದೆ ಹೋದವರೂ ಇಲ್ಲ. ಮಲಿಕ್ ಅಂಬರನಿಗೆ ರಿಚರ್ಡ್ ಈಟನ್ನರ 2005ರ ಪುಸ್ತಕದ ಒಂದು ಅಧ್ಯಾಯ. ಇವೆರಡಕ್ಕೂ ಅವಳೇ ಚೆನ್ನಾಗಿ ಬರೆದಳು, ನಾನು ಕೈ ಹಾಕಲಿಲ್ಲ.

ಈ ವಿಷಯದಲ್ಲಿ ಇಷ್ಟು ಎಚ್ಚರ ಯಾಕೆ ಬೇಕು ಎಂದು ನೀವು ಕೇಳಬಹುದು. 2025ರ ಮಾರ್ಚ್ ತಿಂಗಳು ನಿಮಗೆ ನೆನಪಿದೆ. ಇದೇ ಸಮಾಧಿಯ ವಿಚಾರವಾಗಿ ವಾದ ಎದ್ದು ನಾಗಪುರದಲ್ಲಿ ಗಲಭೆಯೇ ಆಯಿತು. ಆ ದಿನಗಳಲ್ಲಿ ಎಲ್ಲರ ಮೊಬೈಲಿಗೂ ಬಗೆಬಗೆಯ ‘ಇತಿಹಾಸ’ ಬಂದು ಬಿದ್ದಿತ್ತು. ಯಾರು ಬರೆದರು, ಎಲ್ಲಿಂದ ತಂದರು ಒಂದೂ ಇಲ್ಲದ ಇತಿಹಾಸ. ಶಾಲೆಯ ವ್ಯಾನಿನಲ್ಲೂ ಅದೇ ಮಾತಾಗಿತ್ತಂತೆ. ಹುಡುಗಿ ಸುಮ್ಮನೆ ಕುಳಿತಿದ್ದಳಂತೆ. ಅವಳು ಈ ವಿಷಯ ಆರಿಸಿಕೊಂಡದ್ದು ಅದಕ್ಕೇ ಇರಬೇಕು, ನಾನು ಕೇಳಲಿಲ್ಲ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರೋಣ. ಅವಳ ಕರಡಿನ ಕೊನೆಯ ಭಾಗ ‘ಖುಲ್ತಾಬಾದಿನ ಸುತ್ತ ಕನ್ನಡ’. ಓದಿ ನನ್ನ ಎದೆ ಉಬ್ಬಿತು. ವೇರೂಳದ ಕೈಲಾಸ ದೇವಾಲಯವನ್ನು ಕೊರೆಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣ, ಮುಂದೆ ಅದೇ ವಂಶದವರ ರಾಜಧಾನಿಯಾದ ಮಾನ್ಯಖೇಟ, ಅಂದರೆ ಅವಳ ಅಜ್ಜನ ಊರಿನ ಹತ್ತಿರದ ಮಳಖೇಡ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದ ಕವಿರಾಜಮಾರ್ಗ. ಎಲ್ಲ ಬಂದಿತ್ತು. ಕೊನೆಯಲ್ಲಿ ಒಂದು ವಾಕ್ಯ: ‘ಖುಲ್ತಾಬಾದಿನ ಪಕ್ಕದ ತಾಲೂಕಿನ ಹೆಸರೇ ಕನ್ನಡ, ಹಿಂದೆ ಇಲ್ಲಿ ಕನ್ನಡಿಗರಿದ್ದರು ಎಂಬುದಕ್ಕೆ ಇದೇ ಸಾಕ್ಷಿ.’

ಧುಳೆ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಆ ಊರಿನ ಫಲಕ ನೀವೆಲ್ಲ ನೋಡಿದ್ದೀರಿ. ದೇವನಾಗರಿಯಲ್ಲಿ ನಮ್ಮ ಭಾಷೆಯ ಹೆಸರೇ ಬರೆದಂತೆ ಕಾಣುತ್ತದೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಕನ್ನಡಿಗ ಈ ಜಿಲ್ಲೆಯಲ್ಲಿ ಇಲ್ಲವೇನೋ.

“ಇದಕ್ಕ ಯಾವ ಪುಸ್ತಕದ ಹೆಸರು ಬರೀಲಿ ಕಾಕಾ?”

“ನಿನಗೆ ಯಾರು ಹೇಳಿದರು?”

“ನೀವ. ರಾಜ್ಯೋತ್ಸವದಾಗ ಪ್ರತಿ ವರ್ಷ ಹೇಳ್ತೀರಲ್ಲ.”

ಮಿತ್ರರೇ, ನಿಜ ಹೇಳಬೇಕು. ಸಭೆಯಲ್ಲಿ ಆ ವಾಕ್ಯಕ್ಕೆ ಚಪ್ಪಾಳೆ ಬರುತ್ತದೆ. ಬಂದೇ ಬರುತ್ತದೆ. ಎಷ್ಟು ವರ್ಷ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಕಪಾಟು ತೆರೆದೆ. ಮಹಾರಾಷ್ಟ್ರದಲ್ಲಿ ಉಳಿದ ಕನ್ನಡದ ಗುರುತುಗಳನ್ನು ಊರ ಹೆಸರುಗಳಲ್ಲಿ ಹುಡುಕಿದ ಶಂ.ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ ತೆಗೆದೆ. ಅರ್ಧ ಗಂಟೆ ತಿರುವಿದೆ. ನನ್ನ ಭಾಷಣದ ವಾಕ್ಯಕ್ಕೆ ಆಧಾರವಾಗಬಲ್ಲ ಒಂದು ಪುಟವನ್ನು ಅವಳ ಕೈಗೆ ಕೊಡಲು ನನ್ನಿಂದ ಆಗಲಿಲ್ಲ. ಊರ ಹೆಸರು ಕಿವಿಗೆ ಕೇಳಿದಂತೆಯೇ ಹುಟ್ಟಿರುತ್ತದೆ ಎನ್ನುವ ಹಾಗಿಲ್ಲ; ಅದರ ಹಳೆಯ ರೂಪ ಶಾಸನದಲ್ಲೋ ಕಾಗದಪತ್ರದಲ್ಲೋ ಸಿಗಬೇಕು. ಶಂ.ಬಾ. ಅವರಿಂದ ಕಲಿಯಬೇಕಾದದ್ದು ಆ ಶ್ರಮವನ್ನು. ನಾನು ಕಲಿತದ್ದು ಚಪ್ಪಾಳೆಯನ್ನು.

ಹಾಗಾದರೆ ಆ ಭಾಗವನ್ನೇ ತೆಗೆದುಬಿಡುವುದೇ? ಬೇಡ ಎಂದೆ. ಕನ್ನಡದ ಮಾತಿಗೆ ಇಲ್ಲಿ ಗಟ್ಟಿ ಆಧಾರ ಬೇಕಾದಷ್ಟಿವೆ. ಖುಲ್ತಾಬಾದಿಗೆ ಹೋಗುವ ದಾರಿಯಲ್ಲೇ ದೌಲತಾಬಾದ್ ಕೋಟೆ ಇದೆಯಲ್ಲ, ಅದೇ ದೇವಗಿರಿ. ಅಲ್ಲಿಂದ ಆಳಿದ ಸೇವುಣರ ಶಾಸನಗಳಲ್ಲಿ ಕನ್ನಡದವು ಹೇರಳವಾಗಿವೆ. ಶ್ರೀನಿವಾಸ ರಿತ್ತಿಯವರು ಈ ವಂಶದ ಮೇಲೆ ಬರೆದ ಗ್ರಂಥವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1973ರಲ್ಲಿ ಪ್ರಕಟಿಸಿದೆ. ರಾಷ್ಟ್ರಕೂಟರಿಗೆ ಅ.ಸ. ಆಲ್ಟೇಕರರ 1934ರ ಪುಸ್ತಕ. ಆಲ್ಟೇಕರರು ಮರಾಠಿಗರು, ರಾಷ್ಟ್ರಕೂಟರ ಮನೆಮಾತು ಕನ್ನಡ ಎಂದು ವಾದಿಸಿದವರು. ಯಾರು ಹೇಳಿದರು ಎಂಬುದನ್ನು ಟಿಪ್ಪಣಿಯಲ್ಲಿ ಬರೆದಾಗ ಮಾತಿಗೆ ಎಷ್ಟು ತೂಕ ಬರುತ್ತದೆ ನೋಡಿ! ಅದೇ ಮಾತನ್ನು ನಾನು ಹೇಳಿದರೆ ‘ಇವರು ಕನ್ನಡದವರು, ಹಾಗೇ ಹೇಳುತ್ತಾರೆ’ ಎಂದು ವರ್ಗದ ಹುಡುಗರು ನಗಬಹುದು. ಕವಿರಾಜಮಾರ್ಗಕ್ಕೂ ಒಂದು ಸಾಲಿನ ಎಚ್ಚರಿಕೆ ಸೇರಿಸಿದೆವು: ಇದು ಒಂಬತ್ತನೆಯ ಶತಮಾನದ ಅಲಂಕಾರ ಗ್ರಂಥ, ರಾಷ್ಟ್ರಕೂಟ ಅರಸನ ಆಸ್ಥಾನದಲ್ಲಿ ಹುಟ್ಟಿದ್ದು, ಭೂಮಾಪನ ಇಲಾಖೆಯ ನಕಾಶೆ ಅಲ್ಲ.

ಕವಿರಾಜಮಾರ್ಗದ ಮಾತು ಬಂದಾಗ ಇನ್ನೊಂದು ಹೇಳಿಬಿಡುತ್ತೇನೆ. ಕನ್ನಡದ ಮೊದಲ ಗ್ರಂಥಋಣ ಅದರಲ್ಲೇ ಇದೆ ಎನ್ನಬಹುದು. ತನಗಿಂತ ಹಿಂದಿನ ಕನ್ನಡ ಬರಹಗಾರರ ಹೆಸರನ್ನು ಅದು ಪಟ್ಟಿ ಮಾಡುತ್ತದೆ. ಗದ್ಯದವರು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದವರು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರ ಪುಸ್ತಕಗಳು ನಮ್ಮ ಕೈಗೆ ಬಂದಿಲ್ಲ. ಪಟ್ಟಿ ಉಳಿಯಿತು, ಟಿಪ್ಪಣಿ ಇಲ್ಲ. ಯಾರು ಏನು ಬರೆದರು ಎಂದು ಒಂದು ಸಾಲೂ ಇಲ್ಲ. ಅದಕ್ಕೇ ಇಂದಿಗೂ ವಿದ್ವಾಂಸರು ವಿಮಲ, ಉದಯ ಎಂದು ಇಬ್ಬರೋ ಅಥವಾ ವಿಮಲೋದಯನೆಂಬ ಒಬ್ಬನೋ, ಕವೀಶ್ವರ ಎಂಬುದು ಹೆಸರೋ ಬಿರುದೋ, ದುರ್ವಿನೀತ ಗಂಗರ ಅರಸನೋ ಬೇರೆಯವನೋ ಎಂದು ವಾದಿಸುತ್ತಲೇ ಇದ್ದಾರೆ. ಸಾವಿರದ ಇನ್ನೂರು ವರ್ಷಗಳ ಹಿಂದೆ ಆ ಪುಣ್ಯಾತ್ಮರು ಹೆಸರಿಗೊಂದು ನಾಲ್ಕು ಸಾಲು ಬರೆದಿದ್ದರೆ! ಅದಕ್ಕೆ ಎದುರಾಗಿ ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ ನೋಡಿ. 1907ರಲ್ಲಿ ಮೊದಲ ಸಂಪುಟ, 1919ರಲ್ಲಿ ಎರಡನೆಯದು, 1929ರಲ್ಲಿ ಮೂರನೆಯದು. ಒಬ್ಬೊಬ್ಬ ಕವಿಯ ಹೆಸರು, ಕಾಲ, ಗ್ರಂಥ, ಅದರಲ್ಲೇನಿದೆ, ಕಾಲ ಹೇಗೆ ಗೊತ್ತಾಯಿತು. ಇಡೀ ಕನ್ನಡ ಸಾಹಿತ್ಯಕ್ಕೆ ಬರೆದ ಟಿಪ್ಪಣಿ ಸಹಿತ ಪಟ್ಟಿ ಅದು. ನಿಮ್ಮ ಟೀಚರಿಗೆ ಹೇಳಿ, ಈ ವಿದ್ಯೆ ನಮ್ಮ ಮನೆಯಲ್ಲೂ ಇತ್ತು ಎಂದು.

ಒಂದು ಸಣ್ಣ ತೊಡಕು, ಹೇಳದೆ ಹೋದರೆ ನಿಮಗೆ ಅಂಕ ಹೋದೀತು. ಪಟ್ಟಿಯಲ್ಲಿ ಲೇಖಕರ ಅಡ್ಡಹೆಸರು ಮೊದಲು ಬರಬೇಕು ಎಂಬ ನಿಯಮವಿದೆ. ಆಲ್ಟೇಕರ್, ಜೋಶಿ, ರಿತ್ತಿ, ಇವರಿಗೆ ಅಡ್ಡಹೆಸರಿದೆ, ಸಲೀಸು. ಆದರೆ ಎಂ. ಚಿದಾನಂದಮೂರ್ತಿ? ಹಳೆಯ ಮೈಸೂರಿನ ಕಡೆಯವರಲ್ಲಿ ಅನೇಕರಿಗೆ ಅಡ್ಡಹೆಸರೇ ಇಲ್ಲ. ಮುಂದಿನ ಅಕ್ಷರ ಊರದೋ ತಂದೆಯದೋ ಇರುತ್ತದೆ. ಚಿದಾನಂದಮೂರ್ತಿ ಎಂಬುದನ್ನೇ ಇಡಿಯಾಗಿ ಮೊದಲು ಬರೆದು, ಎಂ. ಅನ್ನು ಆಮೇಲೆ ಹಾಕಿ. ಕಂಪ್ಯೂಟರು ಅದನ್ನು ತುಂಡು ಮಾಡಿ ಮೂರ್ತಿ ಎಂಬುದನ್ನು ಅಡ್ಡಹೆಸರು ಮಾಡಿದರೆ ತಿದ್ದಿ. ಶಾಲೆಯ ಫಾರಮ್ಮಿನಲ್ಲಿ ನಿಮ್ಮಲ್ಲಿ ಎಷ್ಟು ಜನರ ತಂದೆಯ ಹೆಸರು ಅಡ್ಡಹೆಸರಾಗಿ ಕುಳಿತಿದೆಯೋ! ನಿಮಗೆ ಆ ಕಷ್ಟ ನಾನು ವಿವರಿಸಬೇಕಿಲ್ಲ.

ರಾತ್ರಿ ಒಂಬತ್ತಕ್ಕೆ ಅವಳ ತಂದೆ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋದರು. ಎರಡು ವಾರದ ನಂತರ ಪ್ರಾಜೆಕ್ಟಿನ ಪ್ರತಿ ತಂದು ತೋರಿಸಿದಳು. ಆಕರಗಳು ಒಂಬತ್ತಾಗಿದ್ದವು, ಎಲ್ಲವೂ ಅವಳು ತೆರೆದು ನೋಡಿದವು. ಕನ್ನಡ ಎಂಬ ಊರಿನ ವಾಕ್ಯ ಹೋಗಿ, ಆ ಜಾಗದಲ್ಲಿ ‘ಈ ಹೆಸರು ಹೇಗೆ ಬಂತು ಎಂಬುದನ್ನು ಹಳೆಯ ದಾಖಲೆಗಳಲ್ಲಿ ನೋಡಬೇಕಾಗಿದೆ’ ಎಂದಿತ್ತು. ಒಂಬತ್ತನೆಯ ಆಕರ ಪುಸ್ತಕವಲ್ಲ. ಇಂಗ್ಲಿಷಿನಲ್ಲಿದ್ದ ಅದರ ಟಿಪ್ಪಣಿಯನ್ನು ಕನ್ನಡಕ್ಕೆ ನಾನೇ ತಂದಿದ್ದೇನೆ:

‘ಮಾತುಕತೆ. ನಮ್ಮ ಸಂಘದ ಕಾಕಾ, ಅವರ ಮನೆಯಲ್ಲಿ, ಒಂದು ಭಾನುವಾರ. ಇವರು ಈ ಜಿಲ್ಲೆಯಲ್ಲಿ ಬಹಳ ವರ್ಷಗಳಿಂದ ಇದ್ದಾರೆ, ತುಂಬ ಪುಸ್ತಕ ಓದಿದ್ದಾರೆ. ಯಾವ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ತಿಳಿಯಲು ಬಹಳ ಉಪಯೋಗವಾಯಿತು. ಕನ್ನಡ ತಾಲೂಕಿನ ಹೆಸರಿನ ಬಗ್ಗೆ ಇವರು ಹೇಳುವುದಕ್ಕೆ ಆಧಾರ ಕೇಳಿದೆ, ಇರಲಿಲ್ಲ. ಇಲ್ಲಿನ ಕನ್ನಡಿಗರು ಏನು ನಂಬುತ್ತಾರೆ ಎಂದು ತಿಳಿಯಲು ಇವರನ್ನು ಬಳಸಬಹುದು. ಊರಿನ ಇತಿಹಾಸಕ್ಕೆ ಬಳಸಬಾರದು.’

ಪಕ್ಕದಲ್ಲಿ ಟೀಚರು ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸರಿಗುರುತು ಹಾಕಿದ್ದರು. “ಸಿಟ್ಟು ಬಂತಾ ಕಾಕಾ?” ಅಂದಳು. ಇಲ್ಲ ಅಂದೆ. ಸ್ವಲ್ಪ ಬಂದಿತ್ತು.

ಅವಳು ಹೋದ ಮೇಲೆ ನವೆಂಬರಿನ ಭಾಷಣದ ಕಾಗದ ತೆಗೆದೆ. ಆ ವಾಕ್ಯದ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಪೆನ್ಸಿಲಿನಲ್ಲಿ. ನಿಮ್ಮಲ್ಲಿ ಯಾರಿಗಾದರೂ ಹಳೆಯ ದಾಖಲೆ ಸಿಕ್ಕರೆ ತಿಳಿಸಿ, ಅಳಿಸುತ್ತೇನೆ.